ಐದು ಮನೆ, ಇಪ್ಪತ್ತಾರು ಅಕ್ಷರ

ಐದು ಅಕ್ಷರದ ಇಂಗ್ಲಿಷ್ ಪದವೊಂದನ್ನು ಪತ್ತೆ ಹಚ್ಚಬೇಕು, ಆರು ಅವಕಾಶ. ಆಟಗಾರ್ತಿಯೊಬ್ಬಳು ಮೊದಲ ಊಹೆಯಾಗಿ 'ನೈಟ್' ಎಂದು ಹಾಕುತ್ತಾಳೆ, ರಾತ್ರಿ ಎಂಬ ಅರ್ಥದ ನೈಟ್. ಐ, ಜಿ, ಎಚ್, ಟಿ ನಾಲ್ಕೂ ಹಸಿರಾಗುತ್ತವೆ. ಅಂದರೆ ಅಕ್ಷರವೂ ಸರಿ, ಕೂತ ಜಾಗವೂ ಸರಿ. ಮೊದಲ ಮನೆಯ ಎನ್ ಮಾತ್ರ ಬೂದು. ಐದರಲ್ಲಿ ನಾಲ್ಕು ಸಿಕ್ಕಿತಲ್ಲ, ಇನ್ನೇನು ಗೆದ್ದಂತೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಟ ಬಿಗಿಯಾಗುವುದೇ ಇಲ್ಲಿಂದ. ಎಂಟು ಎಂಬರ್ಥದ ಏಟ್, ಆಮೇಲೆ ಫೈಟ್, ಲೈಟ್, ಮೈಟ್, ರೈಟ್, ಸೈಟ್, ಟೈಟ್: ದಿನಬಳಕೆಯ ಪದಗಳೇ ಏಳು ಉಳಿದಿವೆ. ಕೈಯಲ್ಲಿರುವ ಅವಕಾಶ ಐದು. ಒಂದಾದ ಮೇಲೊಂದು ಹಾಕುತ್ತ ಹೋದರೆ ಸೋಲುವ ಸಾಧ್ಯತೆ ಚೆನ್ನಾಗಿಯೇ ಇದೆ.

ಪಳಗಿದವರು ಇಂಥ ಕಡೆ ಗೆಲ್ಲುವ ಆಸೆಯನ್ನು ಒಂದು ಸರದಿಯ ಮಟ್ಟಿಗೆ ಬದಿಗಿಟ್ಟು 'ಸ್ಮೆಲ್ಟ್' ಎಂದು ಹಾಕುತ್ತಾರೆ. ಅದಿರು ಕರಗಿಸುವುದಕ್ಕೆ ಹೇಳುವ ಪದ. ಅದು ಉತ್ತರವಾಗಲಾರದು ಎಂಬುದು ಅವರಿಗೆ ಗೊತ್ತು. ಆದರೆ ಅದರೊಳಗೆ ಎಸ್, ಎಂ, ಇ, ಎಲ್ ನಾಲ್ಕೂ ಇವೆ. ಎಸ್ ಹಸಿರಾದರೆ ಉತ್ತರ ಸೈಟ್. ಎಂ ಹಳದಿಯಾದರೆ, ಅಂದರೆ ಅಕ್ಷರ ಇದೆ ಆದರೆ ಜಾಗ ಬೇರೆ ಎಂದಾದರೆ, ಮೈಟ್. ಇ ಹಳದಿಯಾದರೆ ಏಟ್, ಎಲ್ ಹಳದಿಯಾದರೆ ಲೈಟ್. ನಾಲ್ಕೂ ಬೂದಾದರೆ ಉಳಿಯುವುದು ಫೈಟ್, ರೈಟ್, ಟೈಟ್ ಮೂರೇ. ಅವಕಾಶ ಇನ್ನೂ ನಾಲ್ಕಿವೆ. ಗೆಲುವು ಖಚಿತ. ಸಿಕ್ಕ ಸುಳಿವನ್ನು ಮುಂದಿನ ಊಹೆಯಲ್ಲಿ ಬಳಸಲೇಬೇಕು ಎಂಬ ನಿಯಮದ 'ಹಾರ್ಡ್ ಮೋಡ್' ಆಡುವವರಿಗೆ ಮಾತ್ರ ಈ ದಾರಿ ಮುಚ್ಚಿರುತ್ತದೆ.

ಇಷ್ಟೇ ಉದ್ದ, ಇಂಥಿಂಥ ಅಕ್ಷರ ಇರಲೇಬೇಕು ಎಂಬ ಕಟ್ಟಳೆಗೆ ಸರಿಹೊಂದುವ ಇಂಗ್ಲಿಷ್ ಪದ ಹುಡುಕುವುದು ಕೋಟ್ಯಂತರ ಜನರ ದಿನನಿತ್ಯದ ಕೆಲಸವಾಗಿಬಿಟ್ಟಿದೆ. ಹೊತ್ತು ಕಳೆಯುವ ಆಟ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆದರೆ ಸ್ವಲ್ಪ ಒಳಗಿಳಿದು ನೋಡಿದರೆ ಇಂಗ್ಲಿಷ್ ಸ್ಪೆಲಿಂಗಿನ ಒಳಕಟ್ಟು ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಬೇರೊಂದಿಲ್ಲ. ಗೊತ್ತುಗುರಿಯಿಲ್ಲದೆ ಕೂತಂತೆ ತೋರುವ ಅಕ್ಷರಗಳಿಗೆ ಅವವೇ ಜಾಗಗಳಿವೆ, ಜೊತೆಗಾರರಿದ್ದಾರೆ, ಪೂರ್ವಚರಿತ್ರೆ ಇದೆ.

ಆ ಏಟ್, ಫೈಟ್, ಲೈಟ್ ಗುಂಪನ್ನೇ ನೋಡಿ. ನಡುವೆ ಕೂತ ಜಿ ಮತ್ತು ಎಚ್‌ಗಳಿಗೆ ಉಚ್ಚಾರವೇ ಇಲ್ಲ. ಒಂದು ಕಾಲಕ್ಕೆ ಇತ್ತು. ಮಧ್ಯಕಾಲದ ಇಂಗ್ಲಿಷಿನಲ್ಲಿ ಅಲ್ಲಿ ಉಸಿರನ್ನು ಉಜ್ಜಿ ತೆಗೆಯುವ ಸದ್ದೊಂದು ಇತ್ತು. ಜರ್ಮನ್ನರು ರಾತ್ರಿಗೆ 'ನಾಖ್ಟ್' ಎನ್ನುವಾಗ ಅದರ ಹತ್ತಿರದ ಸದ್ದು ಇಂದಿಗೂ ಕೇಳುತ್ತದೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಅಲ್ಲಿಂದಾಚೆಗೆ ಪುಸ್ತಕಗಳಲ್ಲಿ ಸ್ಪೆಲಿಂಗು ನಿಧಾನವಾಗಿ ಗಟ್ಟಿಯಾಗುತ್ತ ಬಂತು, ಜನರ ಬಾಯಿಂದ ಆ ಸದ್ದು ಸವೆದು ಹೋಯಿತು, ಕಾಗದದ ಮೇಲೆ ಅಕ್ಷರ ಉಳಿಯಿತು. ನೈಫ್, ನಾಕ್, ನೀಲ್ ಪದಗಳ ಮೊದಲಲ್ಲಿ ಸುಮ್ಮನೆ ಕೂತ ಕೆ, ರಾಂಗ್, ರಿಸ್ಟ್, ರೆಕ್ ಪದಗಳ ಮೊದಲಿನ ಡಬ್ಲ್ಯು ಕೂಡ ಹಿಂದೆ ಉಚ್ಚಾರದಲ್ಲಿದ್ದವೇ. ಈ ಆರೂ ಪದಗಳು ಐದು ಅಕ್ಷರದವು. ಕನ್ನಡ ಶಾಲೆಯ ಮಗು ಇವನ್ನು ಒಂದೊಂದಾಗಿ ಉರು ಹೊಡೆದು ಮರೆಯುವುದಕ್ಕಿಂತ ಗುಂಪುಗುಂಪಾಗಿ ನೋಡಿದರೆ ಬೇಗ ಹಿಡಿತಕ್ಕೆ ಬರುತ್ತವೆ.

ಐದು ಮನೆಯ ಆಟ ಮನೆಮಾತಾದದ್ದು ವರ್ಡಲ್‌ನಿಂದ. ವೇಲ್ಸ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿದ ಸಾಫ್ಟ್‌ವೇರ್ ಎಂಜಿನಿಯರ್ ಜೋಶ್ ವಾರ್ಡಲ್ 2013ರಲ್ಲಿ ಇದರ ಮೊದಲ ರೂಪ ಮಾಡಿ ಮೂಲೆಗಿಟ್ಟಿದ್ದರು. ಕೋವಿಡ್ ಕಾಲದಲ್ಲಿ ಪದದಾಟಗಳ ಹುಚ್ಚು ಹತ್ತಿಸಿಕೊಂಡಿದ್ದ ಸಂಗಾತಿ ಪಾಲಕ್ ಶಾ ಅವರಿಗಾಗಿ ಅದನ್ನು ಮತ್ತೆ ಕೈಗೆತ್ತಿಕೊಂಡರು. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದರು. ನವೆಂಬರ್ 1ರಂದು ಆಡಿದವರು 90 ಜನ. 2022ರ ಜನವರಿ 2ರಂದು 3 ಲಕ್ಷಕ್ಕೂ ಹೆಚ್ಚು. ಅದೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಟವನ್ನು ಕೊಂಡುಕೊಂಡಿತು. ದಿನಕ್ಕೆ ಒಂದೇ ಪದ, ಲೋಕಕ್ಕೆಲ್ಲ ಅದೇ ಪದ ಎಂಬ ಕಟ್ಟುಪಾಡು, ಉತ್ತರ ಬಿಟ್ಟುಕೊಡದೆ ಬಣ್ಣದ ಚೌಕಗಳನ್ನಷ್ಟೇ ಗೆಳೆಯರಿಗೆ ಕಳಿಸುವ ಅನುಕೂಲ, ಇವೆರಡೂ ಸೇರಿ ಅದನ್ನು ಆ ಎತ್ತರಕ್ಕೆ ಒಯ್ದವು.

ಈ ಬಗೆಯ ಆಟ ಹೊಸದೇನಲ್ಲ. 1955ರಲ್ಲಿ ಬಂದ ಜೊಟ್ಟೊ ಎಂಬ ಕಾಗದ ಪೆನ್ಸಿಲಿನ ಆಟದಲ್ಲೂ ಎದುರಾಳಿ ಮನಸ್ಸಿನಲ್ಲಿಟ್ಟ ಐದಕ್ಷರದ ಪದವನ್ನೇ ಹುಡುಕಬೇಕಿತ್ತು. ಅಮೆರಿಕದ ಟೀವಿಯಲ್ಲಿ 1987ರಲ್ಲಿ ಶುರುವಾದ 'ಲಿಂಗೋ' ಕಾರ್ಯಕ್ರಮದಲ್ಲೂ ಅಷ್ಟೆ.

ಆದರೆ ವರ್ಡಲ್‌ನಲ್ಲಿ ನಡೆದ ಒಂದು ಕೆಲಸದ ಬಗ್ಗೆ ಮಾತಾಡಿದವರು ಕಡಿಮೆ. ಇಪ್ಪತ್ತಾರು ಅಕ್ಷರಗಳನ್ನು ಐದು ಮನೆಗಳಲ್ಲಿ ಹೇಗೆ ಬೇಕಾದರೂ ಕೂರಿಸಬಹುದು ಎಂದರೆ 1,18,81,376 ಜೋಡಣೆಗಳಾಗುತ್ತವೆ. ಅದರಲ್ಲಿ ಪದ ಎನಿಸಿಕೊಳ್ಳುವಂಥವು, ಆಟ ಮೊದಲಿಗೆ ಒಪ್ಪುತ್ತಿದ್ದ ಪಟ್ಟಿಯ ಪ್ರಕಾರ, 12,972. ಸಾವಿರಕ್ಕೆ ಒಂದರ ಲೆಕ್ಕ. ಆ ಹನ್ನೆರಡು ಸಾವಿರ ಚಿಲ್ಲರೆಯಲ್ಲೂ ಬಹುಪಾಲು ಇಂಗ್ಲಿಷರೇ ಕೇಳಿರದ ಪದಗಳು. ಪಾಲಕ್ ಶಾ ಕೂತು ಆ ಪಟ್ಟಿಯನ್ನು ಜರಡಿ ಹಿಡಿದರು. ತಮಗೆ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು ಎಂದು ಒಂದೊಂದನ್ನೂ ನೋಡಿ ಬೇರ್ಪಡಿಸಿದರು. ಹಾಗೆ ಜರಡಿಯಾದ ಮೇಲೆ ಆಟದ ಉತ್ತರವಾಗಬಲ್ಲ ಪದಗಳಾಗಿ ಉಳಿದದ್ದು 2,315. ಪ್ರೋಗ್ರಾಂ ಬರೆಯುವುದು ಬಲ್ಲವರಿಗೆ ಕಷ್ಟವಲ್ಲ. ಈ ಜರಡಿಯ ಕೆಲಸವೇ ಆಟವನ್ನು ಸಾಮಾನ್ಯರ ಕೈಗೆಟುಕುವಂತೆ ಮಾಡಿದ್ದು.

ಆ 2,315 ಪದಗಳನ್ನು ಬಿಡಿಸಿ ಎಣಿಸಿದರೆ ಅಕ್ಷರಗಳ ನಡುವಿನ ಏರುಪೇರು ಎದ್ದು ಕಾಣುತ್ತದೆ. ಇ ಅಕ್ಷರ ಇರುವ ಪದಗಳು 1,056, ಹತ್ತಿರಹತ್ತಿರ ಅರ್ಧ. ಅದರ ಹಿಂದೆ ಎ, ಆರ್, ಒ, ಟಿ, ಎಲ್ ಬರುತ್ತವೆ. ಇನ್ನೊಂದು ತುದಿಯಲ್ಲಿ ಕ್ಯೂ ಮತ್ತು ಜೆ: ಒಂದೊಂದೂ ಮೂವತ್ತನ್ನು ಮುಟ್ಟುವುದಿಲ್ಲ. ಎಸ್‌ನಿಂದ ಶುರುವಾಗುವ ಪದಗಳು 366. ಎಕ್ಸ್‌ನಿಂದ ಶುರುವಾಗುವುದು ಒಂದೂ ಇಲ್ಲ. ಕೊನೆಯ ಮನೆಗೆ ಬಂದರೆ ಇ ಮತ್ತು ವೈ ಎರಡೇ ಸೇರಿ ಮೂರರಲ್ಲೊಂದು ಪಾಲನ್ನು ಹಿಡಿದುಕೊಂಡಿವೆ. ಬಹುವಚನ ಮಾಡಲು ಅಂಟಿಸುವ ಎಸ್ ಕೊನೆಯಲ್ಲಿ ತುಂಬಿ ತುಳುಕಬೇಕಿತ್ತಲ್ಲ ಎಂದು ಕೇಳಬಹುದು. ಬುಕ್ಸ್, ಕಾರ್ಡ್ಸ್ ಥರದ ಬಹುವಚನಗಳನ್ನು ಉತ್ತರದ ಪಟ್ಟಿಯಿಂದ ತೆಗೆದುಹಾಕಿದ್ದಾರೆ. ಊಹೆಯಾಗಿ ಅವನ್ನು ಹಾಕಬಹುದು, ಉತ್ತರವಾಗಿ ಬರುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಕೊನೆಯ ಮನೆಯ ಎಸ್‌ಗಾಗಿ ಒಂದು ಸರದಿ ಕಳೆದುಕೊಳ್ಳುತ್ತಾರೆ.

ಅಕ್ಷರಗಳನ್ನು ಎಣಿಸುವ ಈ ಚಟಕ್ಕೆ ನೂರೆಂಬತ್ತು ವರ್ಷ ಮೀರಿದ ಇತಿಹಾಸವಿದೆ, ಅದೂ ಹೊಟ್ಟೆಪಾಡಿನ ಕೆಲಸದಲ್ಲಿ. ಸ್ಯಾಮ್ಯುಯೆಲ್ ಮೋರ್ಸ್‌ನ ಸಹಾಯಕ ಆಲ್ಫ್ರೆಡ್ ವೇಲ್ ತಂತಿ ಸಂಕೇತ ರೂಪಿಸುವಾಗ ನ್ಯೂಜೆರ್ಸಿಯ ಅಚ್ಚುಕೂಟವೊಂದಕ್ಕೆ ಹೋಗಿ ಕಂಪಾಸಿಟರನ ಕೇಸಿನಲ್ಲಿ ಯಾವ ಅಚ್ಚುಮೊಳೆ ಎಷ್ಟಿದೆ ಎಂದು ನೋಡಿದ ಎನ್ನುತ್ತಾರೆ. ಹೆಚ್ಚು ಬಳಕೆಯ ಅಕ್ಷರಕ್ಕೆ ಚಿಕ್ಕ ಸಂಕೇತ ಕೊಟ್ಟರೆ ತಂತಿ ಕಳಿಸುವ ಹೊತ್ತು ಉಳಿಯುತ್ತದಲ್ಲ. ಹಾಗಾಗಿ ಇ ಅಕ್ಷರಕ್ಕೆ ಒಂದೇ ಚುಕ್ಕೆ, ಟಿ ಅಕ್ಷರಕ್ಕೆ ಒಂದೇ ಗೆರೆ. ಮುಂದೆ ಬಂದ ಲೈನೋಟೈಪ್ ಯಂತ್ರದ ಕೀಲಿಗಳನ್ನೂ ಇದೇ ಕ್ರಮದಲ್ಲಿ ಜೋಡಿಸಿದ್ದರು: ಎಡತುದಿಯ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಇ, ಟಿ, ಎ, ಒ, ಐ, ಎನ್.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ನ್ಯೂಯಾರ್ಕ್ ರಾಜ್ಯದ ವಾಸ್ತುಶಿಲ್ಪಿ ಆಲ್ಫ್ರೆಡ್ ಮೋಶರ್ ಬಟ್ಸ್ ಎಣಿಸಿದ್ದು ಪತ್ರಿಕೆಯ ಪುಟಗಳನ್ನು. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಕೈಯಲ್ಲೇ ಲೆಕ್ಕ ಹಾಕಿ ಒಂದು ಆಟ ಕಟ್ಟಿದರು. ಆ ಆಟ 1948ರಿಂದ ಸ್ಕ್ರ್ಯಾಬಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದರ 100 ಬಿಲ್ಲೆಗಳಲ್ಲಿ ಇ ಹನ್ನೆರಡು, ಬೆಲೆ ಒಂದೊಂದು ಅಂಕ. ಕ್ಯೂ ಒಂದು, ಜಡ್ ಒಂದು, ಬೆಲೆ ಹತ್ತು ಹತ್ತು. ಎಸ್ ಮಾತ್ರ ಲೆಕ್ಕಕ್ಕೆ ಸರಿಯಾಗಿ ಇಡದೆ ನಾಲ್ಕಕ್ಕೇ ನಿಲ್ಲಿಸಿದರು. ಇಲ್ಲದಿದ್ದರೆ ಎದುರಾಳಿ ಇಟ್ಟ ಪದಕ್ಕೆ ಎಸ್ ಅಂಟಿಸಿ ಅಂಕ ಬಾಚುವುದು ಸಲೀಸಾಗಿಬಿಡುತ್ತಿತ್ತು.

ಕ್ಯೂ ಅಕ್ಷರದ ಕಥೆ ಸ್ವಲ್ಪ ಬೇರೆ. ಅದು ಒಂಟಿಯಾಗಿ ಬರುವುದೇ ಅಪರೂಪ, ಹಿಂದೆಯೇ ಯು ಇರಬೇಕು. ಹಳೆಯ ಇಂಗ್ಲಿಷಿನಲ್ಲಿ ರಾಣಿಗೆ ಬಳಸುತ್ತಿದ್ದ ಪದವನ್ನು ಸಿ ಮತ್ತು ಡಬ್ಲ್ಯು ಇಟ್ಟು ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ರೂಢಿಯ ಲಿಪಿಕಾರರು ಆ ಜಾಗಕ್ಕೆ ಕ್ಯೂ, ಯು ಜೋಡಿಯನ್ನು ತಂದರು. ಕ್ವೀನ್, ಕ್ವಿಕ್ ಥರದವೆಲ್ಲ ಹಾಗೆ ಬದಲಾದ ಮೇಲೆ ಹೊರಗಿನವರ ರೂಢಿಯೇ ಮನೆಯ ನಿಯಮವಾಯಿತು. ಹಾಗಾದರೆ ಯು ಇಲ್ಲದ ಕ್ಯೂ ಎಲ್ಲಿ ಸಿಗುತ್ತದೆ? ಸ್ಕ್ರ್ಯಾಬಲ್ ಆಡುವವರಿಗೆ ಇದು ಬಾಯಿಪಾಠ: ತಲಾಕ್, ನಿಕಾಬ್, ಫಕೀರ್, ಭೂಗತ ಕಾಲುವೆ ಎಂಬರ್ಥದ ಕನಾತ್. ನಾಲ್ಕೂ ಐದಕ್ಷರದವು, ನಾಲ್ಕೂ ಅರಬ್ಬಿ ಮೂಲದವು. ಇಂಗ್ಲಿಷ್ ಅಷ್ಟೇನೂ ಬಾರದ ಭಾರತೀಯ ಕಿವಿಗೂ ಮೂರು ಪದ ಪರಿಚಿತ. ನಿಘಂಟಿನ ಅತಿ ಕಷ್ಟದ ಮೂಲೆಯಲ್ಲಿ ಭಾರತದ ಓದುಗರಿಗೆ ಹೀಗೊಂದು ಅನುಕೂಲ ಕಾದಿದೆ.

ಇನ್ನು ಮೊದಲ ಊಹೆಯ ವಿಚಾರ. ಬೀಳ್ಕೊಡುಗೆಯ 'ಅಡ್ಯೂ' ಪದಕ್ಕೆ ಅಪಾರ ಜನಪ್ರಿಯತೆ, ಏಕೆಂದರೆ ಅದರಲ್ಲಿ ಎ, ಇ, ಐ, ಯು ನಾಲ್ಕು ಸ್ವರಗಳಿವೆ. ಸ್ವರ ಗೊತ್ತಾದರೆ ಪದ ಗೊತ್ತಾದಂತೆ ಎಂಬ ನಂಬಿಕೆ. ಅದು ಅಷ್ಟು ಸರಿಯಲ್ಲ. ಸ್ವರಗಳು ಹೆಚ್ಚುಕಡಿಮೆ ಎಲ್ಲ ಪದದಲ್ಲೂ ಇರುತ್ತವೆ. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಹೆಚ್ಚಾಗಿ ವ್ಯಂಜನ. ನೈಟ್, ಲೈಟ್‌ಗಳ ಜಗಳ ನಡೆದದ್ದೂ ವ್ಯಂಜನದಲ್ಲೇ.

ಇದನ್ನು ಲೆಕ್ಕಕ್ಕೆ ಇಳಿಸುವ ದಾರಿ ತೋರಿದ್ದು ಕ್ಲಾಡ್ ಶಾನನ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಈ ಗಣಿತಜ್ಞ 1948ರಲ್ಲಿ ಮಾಹಿತಿಯನ್ನು ಅಳೆಯುವ ಮಾನ ಕೊಟ್ಟರು. ಉಳಿದ ಸಾಧ್ಯತೆಗಳನ್ನು ಸರಿಯಾಗಿ ಅರ್ಧಕ್ಕೆ ಇಳಿಸುವ ಉತ್ತರ ಸಿಕ್ಕರೆ ಅದು ಒಂದು 'ಬಿಟ್' ಮಾಹಿತಿ. 2,315 ಪದಗಳನ್ನು ಸುಮಾರು ಹನ್ನೊಂದು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ. ಅಂದರೆ ಆಟಗಾರನಿಗೆ ಬೇಕಾದದ್ದು ಹನ್ನೊಂದು ಬಿಟ್‌ಗಿಂತ ತುಸು ಹೆಚ್ಚು. ಪದದಲ್ಲಿ ಇ ಇದೆಯೇ ಎಂಬ ಪ್ರಶ್ನೆಗೆ ಹೌದು ಬಂದರೂ ಇಲ್ಲ ಬಂದರೂ ಪಟ್ಟಿ ಹತ್ತಿರಹತ್ತಿರ ಅರ್ಧವಾಗುತ್ತದೆ. ಒಳ್ಳೆಯ ಪ್ರಶ್ನೆ. ಕ್ಯೂ ಇದೆಯೇ ಎಂದು ಕೇಳಿ ಹೌದು ಎಂದು ಬಂದರೆ ಭಾರಿ ಲಾಭ, ಒಂದೇ ಹೊಡೆತಕ್ಕೆ ಪಟ್ಟಿ 29ಕ್ಕೆ ಇಳಿಯುತ್ತದೆ. ಆದರೆ ಹಾಗೆ ಬರುವುದು ನೂರಕ್ಕೆ ಒಂದು ಸಲ. ಉಳಿದ ತೊಂಬತ್ತೊಂಬತ್ತು ಸಲ ಪಟ್ಟಿ ಇದ್ದಲ್ಲೇ ಇರುತ್ತದೆ.

ಒಂದು ಊಹೆಗೆ ಬರಬಹುದಾದ ಬಣ್ಣದ ವಿನ್ಯಾಸಗಳು, ಐದು ಮನೆಗೆ ಮೂರು ಮೂರು ಬಣ್ಣದಂತೆ, 243. ಪಟ್ಟಿಯ ಪದಗಳನ್ನು ಈ 243 ಗೂಡುಗಳಲ್ಲಿ ಆದಷ್ಟು ಸಮನಾಗಿ ಹಂಚುವ ಪದವೇ ಒಳ್ಳೆಯ ಮೊದಲ ಊಹೆ. 2022ರಲ್ಲಿ ಗಣಿತ ಕಲಿಸುವ ವಿಡಿಯೊಗಳಿಗೆ ಹೆಸರಾದ ಗ್ರಾಂಟ್ ಸ್ಯಾಂಡರ್ಸನ್ ಶಾನನ್ನರ ಸಿದ್ಧಾಂತವನ್ನು ವರ್ಡಲ್ ಮೂಲಕವೇ ಲಕ್ಷಾಂತರ ಜನರಿಗೆ ಮುಟ್ಟಿಸಿದರು. ಅದೇ ವರ್ಷ ಎಂಐಟಿಯ ಸಂಶೋಧಕರು ಎಲ್ಲ ದಾರಿಗಳನ್ನೂ ಕಂಪ್ಯೂಟರಿನಲ್ಲಿ ಜಾಲಾಡಿ 'ಸ್ಯಾಲೆಟ್' ಎಂಬ ಪದ ಎಲ್ಲಕ್ಕಿಂತ ಮೇಲು ಎಂದು ತೋರಿಸಿದರು. ಮಧ್ಯಕಾಲದ ಸೈನಿಕರ ಶಿರಸ್ತ್ರಾಣದ ಹೆಸರು ಅದು. ಎಸ್, ಎ, ಎಲ್, ಇ, ಟಿ. ಅದರಿಂದ ಶುರುಮಾಡಿ ಎಲ್ಲೂ ತಪ್ಪದೆ ಆಡಿದರೆ ಉತ್ತರ ಸಿಗಲು ಬೇಕಾಗುವ ಊಹೆಗಳ ಸರಾಸರಿ 3.421. ಇದಕ್ಕಿಂತ ಚೆನ್ನಾಗಿ ಆಡಲು ಆ ಪಟ್ಟಿಯಲ್ಲಿ ಸಾಧ್ಯವೇ ಇಲ್ಲ. ಮೂರರಲ್ಲಿ ಮುಗಿಸಿದವರು ಹೆಮ್ಮೆಪಡಬೇಕಾದದ್ದೇ.

ವರ್ಡಲ್ ಹುಟ್ಟಿಸಿದ ಪ್ರಶ್ನೆಗಳಲ್ಲಿ ಅತಿ ಸೊಗಸಾದದ್ದು ಇದು: ಒಂದಕ್ಷರವೂ ಮತ್ತೆ ಬಾರದಂತೆ ಐದಕ್ಷರದ ಐದು ಪದಗಳು ಸಿಗುತ್ತವೆಯೇ? ಐದೈದಲ ಇಪ್ಪತ್ತೈದು. ವರ್ಣಮಾಲೆಯಲ್ಲಿ ಇರುವುದು ಇಪ್ಪತ್ತಾರು. ಅಂದರೆ ಒಂದೇ ಒಂದನ್ನು ಬಿಟ್ಟು ಎಲ್ಲ ಅಕ್ಷರಗಳೂ ಒಂದೊಂದೇ ಸಲ ಬಂದು ಮುಗಿಯಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಗಣಿತ ಬರಹಗಾರ ಮ್ಯಾಟ್ ಪಾರ್ಕರ್ ಕೇಳುಗರೊಬ್ಬರ ಈ ಪ್ರಶ್ನೆಗೆ ಪ್ರೋಗ್ರಾಂ ಬರೆದು ಲ್ಯಾಪ್‌ಟಾಪಿನಲ್ಲಿ ಓಡಲು ಬಿಟ್ಟರು. ಅದು ಓಡಿದ್ದು ಸುಮಾರು ಒಂದು ತಿಂಗಳು.

ಇಷ್ಟು ಕಷ್ಟ ಯಾಕೆ ಎಂಬುದು ಸ್ವರಗಳನ್ನು ನೋಡಿದರೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಸ್ವರಾಕ್ಷರ ಐದು, ಪದಗಳೂ ಐದು. ಒಂದು ಪದ ಎರಡು ಸ್ವರ ತಿಂದುಹಾಕಿದರೆ ಇನ್ನೊಂದು ಪದ ಬರಿಗೈ. ಸಿಕ್ಕ ಉತ್ತರಗಳಲ್ಲಿ ಒಂದು ಹೀಗಿದೆ: ಫ್ಯೋರ್ಡ್, ಗಕ್ಸ್, ನಿಂಫ್, ವೈಬೆಕ್ಸ್, ವಾಲ್ಟ್ಜ್. ಫ್ಯೋರ್ಡ್ ಎಂದರೆ ನಾರ್ವೆಯ ಕಡಿದಾದ ಕಡಲತೋಳು. ಎಫ್, ಜೆ ಅಕ್ಕಪಕ್ಕ ಕೂತು ಒ ಒಂದೇ ಸ್ವರ. ವಾಲ್ಟ್ಜ್ ಎಂಬ ನೃತ್ಯದಲ್ಲಿ ಎ ಒಂದೇ. ಅಂಟುಕೊಳೆಗೆ ಹೇಳುವ ಗಕ್ಸ್‌ನಲ್ಲಿ ಯು. ಚರ್ಮದಡಿಯ ರಕ್ತದ ಗೆರೆಗೆ ವೈದ್ಯರ ಹೆಸರಾದ ವೈಬೆಕ್ಸ್‌ನಲ್ಲಿ ಐ ಮತ್ತು ಇ ಎರಡೂ ಹೋದವು. ಉಳಿದದ್ದು ನಿಂಫ್, ವನದೇವತೆ. ಅದಕ್ಕೆ ಸ್ವರವೇ ಉಳಿದಿಲ್ಲ, ವೈ ಬಂದು ಸ್ವರದ ಕೆಲಸ ಮಾಡುತ್ತದೆ. ಎಲ್ಲ ಲೆಕ್ಕ ಚುಕ್ತಾ ಆದಾಗ ಹೊರಗೆ ನಿಂತಿರುವುದು ಕ್ಯೂ ಒಂದೇ, ಯಾಕೆಂದರೆ ಅದರ ಜೊತೆಗಾರ ಯು ಆಗಲೇ ಗಕ್ಸ್‌ನೊಳಗೆ ಖರ್ಚಾಗಿದೆ.

2022ರಲ್ಲಿ ಪಾರ್ಕರ್ ಇದನ್ನು ಹೇಳಿಕೊಂಡದ್ದೇ ತಡ, ಪ್ರೋಗ್ರಾಮರುಗಳು ಮುಗಿಬಿದ್ದರು. ಬೆಂಜಮಿನ್ ಪಾಸೆನ್ ಎಂಬುವರು ಒಂದು ತಿಂಗಳ ಕೆಲಸವನ್ನು ನಿಮಿಷಗಳಿಗೆ ಇಳಿಸಿದರು. ಆಮೇಲೆ ಬಂದವರು ಸೆಕೆಂಡಿಗೂ ಕಡಿಮೆ ಹೊತ್ತಿಗೆ ತಂದರು. ಅವರು ಮಾಡಿದ ಮೊದಲ ಕೆಲಸ ಪಟ್ಟಿ ಸಣ್ಣದು ಮಾಡಿದ್ದು: ಒಂದೇ ಅಕ್ಷರ ಎರಡು ಸಲ ಬರುವ ಪದಗಳನ್ನು ತೆಗೆದರು, ಅವೇ ಅಕ್ಷರ ಆಚೀಚೆಯಾದ ಪದಗಳನ್ನು ಒಂದೇ ಎಂದು ಹಿಡಿದರು. ಎರಡನೆಯದು ಇನ್ನೂ ಜಾಣತನದ್ದು. ಪ್ರತಿ ಪದವನ್ನೂ ಇಪ್ಪತ್ತಾರು ಸ್ವಿಚ್ಚುಗಳ ಒಂದು ಬೋರ್ಡ್ ಎಂದುಕೊಂಡರು. ಇರುವ ಅಕ್ಷರದ ಸ್ವಿಚ್ಚು ಆನ್, ಇಲ್ಲದ್ದು ಆಫ್. ಎರಡು ಪದಗಳಲ್ಲಿ ಸಮಾನ ಅಕ್ಷರ ಇದೆಯೇ ಎಂದು ಒಂದೊಂದಾಗಿ ಹುಡುಕುವ ಬದಲು ಎರಡೂ ಬೋರ್ಡುಗಳನ್ನು ಒಮ್ಮೆಗೇ ಹೋಲಿಸಿದರೆ ಆಯಿತು. ಕಂಪ್ಯೂಟರಿಗೆ ಅದು ಒಂದೇ ಹೆಜ್ಜೆ. ಪಾರ್ಕರ್ ಬಳಸಿದ ದೊಡ್ಡ ಪಟ್ಟಿಯಲ್ಲಿ ಸಿಕ್ಕ ಒಟ್ಟು ಉತ್ತರಗಳು 538.

ಐದಕ್ಷರದ ಪದಗಳನ್ನು ಅವರಿಗಿಂತ ಮುಂಚೆಯೇ ಪ್ರೀತಿಯಿಂದ ಕೂಡಿಹಾಕಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್, ಕಂಪ್ಯೂಟರ್ ವಿಜ್ಞಾನದ ಹಿರಿಯ. ಅವರಿಗೆ ಎಳೆ ಸಿಕ್ಕಿದ್ದು ಲೂಯಿಸ್ ಕ್ಯಾರಲ್‌ನಿಂದ. 'ಆಲಿಸ್'ನ ಕರ್ತೃ ಕ್ಯಾರಲ್ 1879ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆಯಲ್ಲಿ ಒಂದು ಆಟ ಶುರುಮಾಡಿದ್ದ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತ ಒಂದು ಪದದಿಂದ ಇನ್ನೊಂದಕ್ಕೆ ಹೋಗಬೇಕು. ನಡುವಿನ ಪ್ರತಿ ಮೆಟ್ಟಿಲೂ ಪದವೇ ಆಗಿರಬೇಕು. ತಲೆಯಿಂದ ಬಾಲಕ್ಕೆ ಹೋಗುವ ದಾರಿ: ಹೆಡ್, ಹೀಲ್, ಟೀಲ್, ಟೆಲ್, ಟಾಲ್, ಟೇಲ್. ಕ್ನೂತ್ ಇದನ್ನೇ 5,757 ಐದಕ್ಷರದ ಪದಗಳಿಗೆ ಹಚ್ಚಿ ಯಾವುದರಿಂದ ಯಾವುದಕ್ಕೆ ದಾರಿಯಿದೆ ಎಂಬ ನಕ್ಷೆ ಮಾಡಿದರು. ಅದು 1993ರ ಅವರ ಪುಸ್ತಕದಲ್ಲಿದೆ. ಬಹುತೇಕ ಪದಗಳು ಒಂದಕ್ಕೊಂದು ತಗುಲಿಕೊಂಡಿವೆ. ಆದರೆ 671 ಪದಗಳಿಗೆ ನೆರೆಹೊರೆಯೇ ಇಲ್ಲ. ಯಾವ ಅಕ್ಷರ ಬದಲಿಸಿದರೂ ಇನ್ನೊಂದು ಪದ ಹುಟ್ಟುವುದಿಲ್ಲ. ಕಡಲು ಎಂಬರ್ಥದ ಓಷನ್ ಅಂಥದ್ದು. ಅವನ್ನು ಕ್ನೂತ್ 'ಅಲೂಫ್' ಪದಗಳು ಎಂದು ಕರೆದರು, ದೂರ ನಿಂತವು ಎಂದು. ಅಲೂಫ್ ಕೂಡ ಐದಕ್ಷರದ ಪದ, ಅದೂ ಆ ಒಂಟಿಗಳ ಗುಂಪಿನದೇ.

ಸ್ಕ್ರ್ಯಾಬಲ್ ಪಂದ್ಯಗಳಿಗೆ ಹೋಗುವವರ ಲೋಕದಲ್ಲಿ ಐದಕ್ಕಿಂತ ಏಳಕ್ಕೆ ಬೆಲೆ. ಕೈಲಿರುವ ಏಳೂ ಬಿಲ್ಲೆಗಳನ್ನು ಒಟ್ಟಿಗೆ ಇಟ್ಟರೆ 50 ಅಂಕ ಹೆಚ್ಚುವರಿ. ಅದಕ್ಕೆ ಅವರು ಪದಗಳನ್ನು ಕಲಿಯುವ ಕ್ರಮವೇ ಬೇರೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಕೊಂಡು ಅದನ್ನೊಂದು ಬೀಗದಂತೆ ನೆನಪಿಡುತ್ತಾರೆ. ಇದಕ್ಕೆ ಅವರ ಮಾತಿನಲ್ಲಿ 'ಆಲ್ಫಾಗ್ರಾಂ' ಎಂದು ಹೆಸರು. ಎ, ಇ, ಐ, ಎನ್, ಆರ್, ಎಸ್, ಟಿ ಎಂಬ ಏಳು ಕೈಗೆ ಬಂದವೋ, ಪಳಗಿದ ಆಟಗಾರನಿಗೆ ನ್ಯಾಸ್ಟಿಯರ್, ರಿಟೇನ್ಸ್, ರೆಟಿನಾಸ್, ಸ್ಟೇನರ್, ಆಂಟ್ಸಿಯರ್ ಒಟ್ಟಿಗೇ ಹೊಳೆಯುತ್ತವೆ. ಬೋರ್ಡಿನ ಮೇಲೆ ಯಾವುದು ಎಲ್ಲಿ ಕೂರುತ್ತದೆ ಎಂದು ನೋಡುವುದಷ್ಟೇ ಬಾಕಿ.

ಹಾಗೆ ನೋಡುವ ಕಣ್ಣಿಗೆ ಅರ್ಥವೇ ಬೇಕಿಲ್ಲ ಎಂಬುದನ್ನು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಮಾಡಿ ತೋರಿಸಿದರು. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆದ ಅವರು 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಪಟ್ಟವನ್ನೂ ಗೆದ್ದರು. ಅವರಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ. ಒಂಬತ್ತು ವಾರ ಫ್ರೆಂಚ್ ಪದಪಟ್ಟಿಯನ್ನು ಕಣ್ಣಿಂದ ಹೀರಿಕೊಂಡು ಹೋಗಿ ಕೂತದ್ದು. 2024ರಲ್ಲಿ ಸ್ಪ್ಯಾನಿಷ್ ಪಟ್ಟವೂ ಹಾಗೆಯೇ ಅವರ ಪಾಲಾಯಿತು. ಇದು ಭಾಷಾಜ್ಞಾನವಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೂ ಯಾವ ಅಕ್ಷರ ಯಾವುದರ ಪಕ್ಕ ಕೂರುತ್ತದೆ ಎಂಬುದರ ಅರಿವು ಒಂದು ಜ್ಞಾನವೇ, ಅದನ್ನು ದುಡಿದೇ ಗಳಿಸಬೇಕು.

ಇಷ್ಟು ಉದ್ದ, ಇಂಥ ಅಕ್ಷರ ಎಂದ ಕೂಡಲೇ ಯಾರ ಇಂಗ್ಲಿಷ್ ಎಂಬ ಪ್ರಶ್ನೆಯೂ ಏಳುತ್ತದೆ. ಭಾರತದ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ಸ್ಪೆಲಿಂಗ್. ಅಲ್ಲಿ ಹ್ಯೂಮರ್, ಫೇವರ್, ಕಲರ್ ಎಲ್ಲದರಲ್ಲೂ ಕೊನೆಯ ಆರ್‌ಗೆ ಮೊದಲು ಯು ಸೇರಿ ಅಕ್ಷರಗಳು ಹೆಚ್ಚು. ನೋವಾ ವೆಬ್‌ಸ್ಟರ್ 1828ರ ತನ್ನ ಅಮೆರಿಕನ್ ನಿಘಂಟಿನಲ್ಲಿ ಆ ಯು ಅಕ್ಷರವನ್ನು ಕಿತ್ತುಹಾಕಿದ. ಹಾಗಾಗಿ ಅಮೆರಿಕದಲ್ಲಿ ಹ್ಯೂಮರ್‌ಗೆ ಐದೇ ಅಕ್ಷರ, ಮೈಸೂರಿನ ಶಾಲೆಯಲ್ಲಿ ಆರು. 2022ರ ಶುರುವಿನಲ್ಲಿ ಹ್ಯೂಮರ್, ಫೇವರ್ ಎರಡೂ ವರ್ಡಲ್ ಉತ್ತರವಾಗಿ ಬಂದಾಗ ಬ್ರಿಟಿಷರು ಸಿಟ್ಟಾದರು. ಭಾರತದಲ್ಲಿ ಆಡುವವರಿಗೂ ಆಟ ಕೈಕೊಟ್ಟದ್ದು ಅಲ್ಲೇ. ಟೈಮ್ಸ್ ಪತ್ರಿಕೆ ಪಟ್ಟಿಯನ್ನು ತಿದ್ದುವಾಗ ಬ್ರಿಟಿಷ್ ರೂಪದ ಫೈಬರನ್ನು ಕೈಬಿಟ್ಟಿತು. ಅಪರಿಚಿತವೆಂದು ಅಗೋರಾ, ಮನಸ್ಸು ನೋಯಿಸುತ್ತದೆಂದು ಸ್ಲೇವ್, ಲಿಂಚ್ ಕೂಡ ಹೋದವು. ಪಟ್ಟಿ ಮಾಡುವವರ ಊರು, ಕಾಲ, ಮನಸ್ಸು ಎಲ್ಲವೂ ಪಟ್ಟಿಯಲ್ಲಿ ಮೂಡುತ್ತವೆ.

ಅದೇ ಪಟ್ಟಿಗಳಲ್ಲಿ ನಮ್ಮ ಕಡೆಯ ಪದಗಳೂ ಜಾಗ ಮಾಡಿಕೊಂಡಿವೆ. ಮ್ಯಾಂಗೋ, ಕರಿ, ಧೋತಿ, ರುಪಿ, ಕ್ರೋರ್ ಎಲ್ಲವೂ ಐದಕ್ಷರದವು. ಮಲೆನಾಡಿಗೂ ಕರಾವಳಿಗೂ ಹತ್ತಿರದ ಅರೆಕಾ ಕೂಡ. ಮಲಯಾಳದಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ಇಂಗ್ಲಿಷಿಗೆ ದಾಟಿದ ಆ ಪದ ಕನ್ನಡದ ಅಡಿಕೆಯ ದಾಯಾದಿ. ಇಂಗ್ಲಿಷ್ ಸ್ಕ್ರ್ಯಾಬಲ್ ನಿಘಂಟಿನಲ್ಲಿ ಇಡ್ಲಿ, ದೋಸೆ ಎರಡೂ ಸಿಂಧು.

ಕನ್ನಡದಲ್ಲಿ ಇದೇ ಆಟ ಕಟ್ಟಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಇಂಗ್ಲಿಷ್ ಪದಬಂಧದ ಮನೆಯಲ್ಲಿ ಒಂದು ಬಿಡಿ ಅಕ್ಷರ. ಕನ್ನಡ ಪತ್ರಿಕೆಗಳ ಪದಬಂಧದಲ್ಲಿ ಒತ್ತು, ಕಾಗುಣಿತ, ಸೊನ್ನೆ ಎಲ್ಲ ಸೇರಿದ ಇಡೀ ಅಕ್ಷರಕ್ಕೆ ಒಂದು ಮನೆ. 'ಸ್ವಾತಂತ್ರ್ಯ' ಎಂಬ ಪದ ತುಂಬಲು ಮೂರೇ ಮನೆ ಸಾಕು. ಕಂಪ್ಯೂಟರಿಗೆ ಕೇಳಿದರೆ ಅದೇ ಪದ ಯೂನಿಕೋಡ್ ಲೆಕ್ಕದಲ್ಲಿ ಹನ್ನೊಂದು ಸಂಕೇತ ಎನ್ನುತ್ತದೆ, ಏಕೆಂದರೆ ಅದು ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಇಂಗ್ಲಿಷಿಗೆ ಬರೆದ ಪ್ರೋಗ್ರಾಮನ್ನು ಕನ್ನಡ ಪದಪಟ್ಟಿಗೆ ಹಾಗೆಯೇ ಹಚ್ಚಿದರೆ ಉದ್ದದ ಲೆಕ್ಕವೇ ತಪ್ಪುತ್ತದೆ. ಬಣ್ಣದ ನಿಯಮವೂ ಸಾಲದು. ಉತ್ತರದಲ್ಲಿ 'ಕಾ' ಇದ್ದು ಆಟಗಾರ 'ಕಿ' ಎಂದು ಊಹಿಸಿದರೆ ಅದು ಸರಿಯೋ ತಪ್ಪೋ? ವ್ಯಂಜನ ಸಿಕ್ಕಿದೆ, ಸ್ವರ ಸಿಕ್ಕಿಲ್ಲ. ಬೂದು ಕೊಟ್ಟರೆ ಅನ್ಯಾಯ, ಹಳದಿ ಕೊಟ್ಟರೆ ಜಾಗ ತಪ್ಪು ಎಂಬ ಅರ್ಥ ಬರುತ್ತದೆ. 'ಕ್ತಿ' ಇರುವ ಕಡೆ 'ತಿ' ಹಾಕಿದರೂ ಅದೇ ತೊಡಕು. ಕನ್ನಡಕ್ಕೆ ನಾಲ್ಕನೆಯ ಬಣ್ಣವೊಂದು ಬೇಕು, ಒತ್ತಕ್ಷರಕ್ಕೆ ಬಹುಶಃ ಐದನೆಯದೂ ಬೇಕಾದೀತು. ಆಗ ಒಂದು ಊಹೆಗೆ ಬರಬಹುದಾದ ವಿನ್ಯಾಸಗಳು, ನಾಲ್ಕೇ ಮನೆಯ ಪದಕ್ಕೂ, 243 ಅಲ್ಲ, 625 ಆಗುತ್ತವೆ.